ಮಕ್ಕಳ ಬೆಳಗಿನ ದಾಸೋಹ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಪಕ್ಕದ ಒಂದು ಓಣಿಯಲ್ಲಿ ನಾವು ಕೆಲವು ಮನೆಯವರು ಸೇರಿಕೊಂಡು ದಿನಾ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ ತನಕ ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತೇವೆ. ಒಂದು ವರ್ಷದಿಂದ ಆರು ವರ್ಷದವರು, ನಲವತ್ತು ಚಿಲ್ಲರೆ ಮಕ್ಕಳು. ಊಟ ಹಾಕುತ್ತೇವೆ, ಮುಖ ತೊಳೆಸುತ್ತೇವೆ, ಆಮೇಲೆ ಅಂಗನವಾಡಿಗೆ ಬಿಟ್ಟು ಬರುತ್ತೇವೆ. ಇಷ್ಟೇ ಕೆಲಸ. ಆದರೆ ಫೋನಿನಲ್ಲಿ, ಮದುವೆ ಮನೆಯಲ್ಲಿ, ಸಂತೆಯಲ್ಲಿ ಸಿಕ್ಕವರೆಲ್ಲ ಅದೇ ಅದೇ ಪ್ರಶ್ನೆ ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲು ಉಳಿಯುತ್ತದೆ ಅಂತ ಇದನ್ನು ಬರೆದಿದ್ದೇನೆ.

ನಿಮ್ಮ ಸಂಸ್ಥೆಯ ಹೆಸರೇನು?

ಹೆಸರಿಲ್ಲ. ಬೋರ್ಡೂ ಇಲ್ಲ. ಒಬ್ಬರು ಫ್ಲೆಕ್ಸ್ ಮಾಡಿಸಿ ತಂದಿದ್ದರು, ಮಳೆಗಾಲದಲ್ಲಿ ಸೌದೆ ನೆನೆಯದ ಹಾಗೆ ಹೊದಿಸೋಕೆ ಬಳಸಿದೆವು. ಓಣಿಯವರು "ಗಂಜಿ ಮನೆ" ಅಂತಾರೆ, ನಮಗೂ ಅದೇ ಸಾಕು.

ಇದು ಹೇಗೆ ಶುರುವಾಯಿತು?

ನಾವು ಏಳು ಮನೆಯವರು ಸೋಮವಾರ ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಒಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಪೂಜೆ ಮುಗಿದ ಮೇಲೆ ಪ್ರಸಾದ ಅಂತ ಉಪ್ಪಿಟ್ಟೋ ಅವಲಕ್ಕಿಯೋ. ಒಂದು ಸೋಮವಾರ ಬಾಗಿಲ ಹತ್ತಿರ ಎಂಟು-ಒಂಬತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ನಿಂತಿದ್ದಳು. ಅವನ ಮುಷ್ಟಿಯಲ್ಲಿ ಮಂಡಕ್ಕಿ. ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಬೇಗ ಖಾಲಿಯಾಗಿಬಿಡುತ್ತದೆ ಅನ್ನುವ ಹಾಗೆ. ಅವ್ವ ಎಲ್ಲಿ ಅಂತ ಕೇಳಿದರೆ "ಭಟ್ಟಿಗೆ ಹೋಗ್ಯಾಳ, ನಸುಕಿನ್ಯಾಗೆ" ಅಂದಳು. ಇಸ್ಕೂಲು? "ಇವನ್ನ ಯಾರು ನೋಡ್ತಾರ?"

ಆ ಹುಡುಗಿಯ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಉಪ್ಪಿಟ್ಟು ಕೊಟ್ಟೆವು. ಮರುದಿನ ಅವಳು ಮತ್ತೆ ಬಂದಳು, ಜೊತೆಗೆ ಇನ್ನೂ ಮೂರು ಮಕ್ಕಳು. ಆದರೆ ಅವತ್ತು ಮಂಗಳವಾರ, ಪೂಜೆ ಇಲ್ಲ, ಪ್ರಸಾದ ಇಲ್ಲ. ಬರಿಗೈಲಿ ವಾಪಸ್ ಹೋದವು. ಆ ವಿಷಯ ಮನೆಯ ಯಜಮಾನಿ ಮುಂದಿನ ಸೋಮವಾರ ಹೇಳಿದಾಗ ಯಾರಿಗೂ ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ. ವಾರಕ್ಕೊಂದು ದಿನದ ದಾಸೋಹ ಅಂದರೆ ಅದು ನಮ್ಮ ಸಮಾಧಾನಕ್ಕೆ ಮಾಡಿಕೊಳ್ಳೋದು, ಮಕ್ಕಳ ಹೊಟ್ಟೆಗಲ್ಲ.

ನೀವು ಲಿಂಗಾಯತರಾ? ಬೇರೆಯವರ ಮಕ್ಕಳೂ ಬರಬಹುದಾ?

ಶುರು ಮಾಡಿದವರು ಹೌದು. ಈಗ ನಮ್ಮ ಜೊತೆ ನಿವೃತ್ತರಾದ ಒಬ್ಬರು ಉರ್ದು ಶಾಲೆ ಮೇಷ್ಟ್ರು ಇದ್ದಾರೆ, ಅವರು ಪ್ರತಿ ವರ್ಷ ತಮ್ಮ ಜಕಾತಿನ ಒಂದು ಭಾಗವನ್ನು ಇಲ್ಲಿಗೆ ಎತ್ತಿಡುತ್ತಾರೆ. ಹರಿಹರದ ಆರೋಗ್ಯಮಾತೆಗೆ ನಡೆದುಕೊಳ್ಳುವ ಒಬ್ಬ ನರ್ಸಮ್ಮ ಇದ್ದಾರೆ. ಮಕ್ಕಳ ಜಾತಿ ನಾವು ಕೇಳುವುದಿಲ್ಲ. ವಯಸ್ಸು ಕೇಳುತ್ತೇವೆ, ಬೆಳಿಗ್ಗೆ ಏನು ತಿಂದೆ ಅಂತ ಕೇಳುತ್ತೇವೆ.

ಮಕ್ಕಳಿಗೆ ಪ್ರಾರ್ಥನೆ ಹೇಳಿಸುತ್ತೀರಾ?

ಇಲ್ಲ. ನಮ್ಮ ಪೂಜೆ ಐದೂವರೆಗೆ ಮುಗಿಯುತ್ತದೆ, ಮಕ್ಕಳು ಬರುವುದು ಆರೂವರೆಗೆ. ಮಧ್ಯೆ ಒಂದು ಗಂಟೆ ಬೇಳೆ ಬೇಯೋಕೆ ಬೇಕೇ ಬೇಕು. ಹಸಿದ ಮಗುವಿನ ಮುಂದೆ ತಟ್ಟೆ ಇಟ್ಟು "ಮೊದಲು ಕೈ ಮುಗಿ" ಅನ್ನುವುದು ನಮಗೆ ವ್ಯಾಪಾರದ ಥರ ಕಾಣಿಸುತ್ತದೆ. ಊಟಕ್ಕೆ ಮುಂಚೆ ಕೈ ತೊಳೆದರೆ ಸಾಕು, ಅದನ್ನು ಮಾತ್ರ ಪಟ್ಟು ಹಿಡಿದು ಮಾಡಿಸುತ್ತೇವೆ.

ನಮ್ಮವರೇ ಕೆಲವರು ಇದಕ್ಕೆ ಬೇಜಾರು ಮಾಡಿಕೊಂಡಿದ್ದಾರೆ. "ಧರ್ಮದ ಹೆಸರಲ್ಲಿ ಮಾಡ್ತೀರಿ, ಧರ್ಮದ ಒಂದಕ್ಷರ ಹೇಳಲ್ಲ" ಅಂತ. ಅವರಿಗೆ ಹೇಳುವುದಿಷ್ಟೇ. ನಮ್ಮ ಪಕ್ಕದ ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ಇದ್ದಾರಲ್ಲ, "ಮಾಡಿದಷ್ಟು ನೀಡು ಭಿಕ್ಷೆ" ಅಂದ ಅಜ್ಜ, ಅವರು ಬಯಲುಸೀಮೆಯಲ್ಲಿ ಕೆರೆ ಕಟ್ಟಿಸಿದರು ಅಂತ ಇವತ್ತಿಗೂ ಜನ ಕೈ ಮುಗಿಯುತ್ತಾರೆ. ಕೆರೆ ನೀರು ಕುಡಿಯೋಕೆ ಬಂದ ದನಕ್ಕೆ ಯಾರೂ ಮಂತ್ರ ಹೇಳಿಕೊಡಲಿಲ್ಲ.

ಸರ್ಕಾರ ಎಲ್ಲಾ ಕೊಡುತ್ತಿದೆಯಲ್ಲ, ನೀವು ಯಾಕೆ?

ಇದು ಅತಿ ಜಾಸ್ತಿ ಬರುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ ಕೂಡ. ಸರ್ಕಾರ ಕೊಡುತ್ತಿದೆ, ನಿಜ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಿಂದ ಇದೆ. ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್ ಅಂತ ಲೆಕ್ಕ, ತೀವ್ರ ಅಪೌಷ್ಟಿಕತೆ ಇದ್ದರೆ ಇನ್ನೂ ಜಾಸ್ತಿ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, ಮಗುವಿಗೆ 150 ಮಿಲಿ. 2017ರಿಂದ ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣದ ಬಿಸಿ ಊಟ. 2023ರಿಂದ ಮನೆ ಯಜಮಾನಿಗೆ ಗೃಹಲಕ್ಷ್ಮಿಯ ತಿಂಗಳಿಗೆ 2000 ರೂಪಾಯಿ. ಇದೆಲ್ಲ ಇಲ್ಲದೇ ಹೋಗಿದ್ದರೆ ನಮ್ಮ ಗಂಜಿಯಿಂದ ಏನೂ ಆಗುತ್ತಿರಲಿಲ್ಲ. ನಮ್ಮದು ಅದರ ಬದಲಿಗೆ ಅಲ್ಲ, ಅದು ತಲುಪದ ಮೂರು ಗಂಟೆಗೆ.

ಆ ಮೂರು ಗಂಟೆ ಯಾವುದು ಅಂದರೆ, ಭಟ್ಟಿ ಕೆಲಸ ಶುರುವಾಗುವುದು ನಸುಕಿನಲ್ಲಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಉಪ್ಪು ಹಾಕಿ, ಕಾದ ಮರಳಲ್ಲಿ ಹುರಿಯುವ ಕೆಲಸ. ಬಿಸಿಲೇರಿದ ಮೇಲೆ ಬೆಂಕಿ ಮುಂದೆ ನಿಲ್ಲೋಕಾಗಲ್ಲ, ಅದಕ್ಕೇ ಕತ್ತಲಲ್ಲೇ ಶುರು. ಹಮಾಲಿಗೆ ಹೋಗುವವರೂ, ಮನೆಗೆಲಸಕ್ಕೆ ಹೋಗುವವರೂ ಬೇಗ ಎದ್ದು ಹೊರಡುತ್ತಾರೆ. ಅಂಗನವಾಡಿ ಬಾಗಿಲು ತೆರೆಯುವುದು ಒಂಬತ್ತೂವರೆ ಹೊತ್ತಿಗೆ. ನಡುವೆ ಮಗು ಯಾರ ಕೈಲಿ? ಅಕ್ಕನ ಕೈಲಿ. ಆ ಅಕ್ಕನಿಗೂ ಎಂಟೇ ವರ್ಷ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯವರು ನರೇಗಾ ಕೂಲಿಯವರ ಮಕ್ಕಳಿಗೆ "ಕೂಸಿನ ಮನೆ" ಮಾಡಿದ್ದಾರೆ, ಒಳ್ಳೆ ಕೆಲಸ. ಆದರೆ ಅದು ಪಂಚಾಯಿತಿ ವ್ಯಾಪ್ತಿಯದು, ನಮ್ಮದು ಮಹಾನಗರ ಪಾಲಿಕೆ.

ಇನ್ನೊಂದು ವಿಷಯ. ಮೂರು ವರ್ಷ ತುಂಬದ ಮಗುವಿಗೆ ಅಂಗನವಾಡಿಯಿಂದ ಮನೆಗೇ ಪೊಟ್ಟಣ ಕೊಡುತ್ತಾರೆ, ಪುಷ್ಟಿ ಪುಡಿ ಮತ್ತೆ ಇತರೆ. ಮನೆಗೆ ಹೋದ ಪೊಟ್ಟಣ ಆ ಒಂದು ಮಗುವಿನದಾಗಿ ಉಳಿಯುವುದಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ನಾಲ್ಕೂ ತಿನ್ನುತ್ತವೆ. ಯಾವ ತಾಯಿ ಒಬ್ಬನಿಗೆ ಕೊಟ್ಟು ಮೂವರನ್ನು ನೋಡುತ್ತಾ ಕೂರಿಸುತ್ತಾಳೆ ಹೇಳಿ?

ದಾವಣಗೆರೆಯಲ್ಲಿ ಹಸಿವಾ? ಬೆಣ್ಣೆದೋಸೆ ಊರಲ್ಲವಾ ಅದು?

ಬೆಣ್ಣೆದೋಸೆ ಊರೇ. ಕಾಲೇಜುಗಳ ಊರು, ಸ್ಮಾರ್ಟ್ ಸಿಟಿ ಕೂಡ. ಆದರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಇದು. ಹತ್ತಿ ಗಿರಣಿಗಳ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಅಂತ ನಮ್ಮ ಮಾವ ಹೇಳುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಕೆಲಸ ಅಂದರೆ ತಿಂಗಳ ಸಂಬಳ, ಪಿಎಫ್. ಈಗ ಅದೇ ಮನೆಗಳ ಮೊಮ್ಮಕ್ಕಳು ದಿನಗೂಲಿ. ಕೂಲಿ ಸಿಕ್ಕ ದಿನ ಇದೆ, ಸಿಗದ ದಿನ ಇಲ್ಲ.

ಸುತ್ತಲಿನ ಹಳ್ಳಿಗಳ ಕಷ್ಟವೂ ಇಲ್ಲಿಗೇ ಬಂದು ಬೀಳುತ್ತದೆ. ಇದು ಮೆಕ್ಕೆಜೋಳದ ಜಿಲ್ಲೆ. 2023ರಲ್ಲಿ ಬರ ಬಂತು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. 2025ರಲ್ಲಿ ಬೆಳೆ ಬಂತು, ಬೆಲೆ ಬಿತ್ತು. ಕ್ವಿಂಟಲ್‌ಗೆ 2400 ರೂಪಾಯಿ ಬೆಂಬಲ ಬೆಲೆ ಅಂತ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಕಡಿಮೆಗೆ ಹೋಯಿತು. ರೈತನ ಕೈಲಿ ದುಡ್ಡಿಲ್ಲದಿದ್ದರೆ ಹಳ್ಳಿಯಲ್ಲಿ ಕೂಲಿ ಇಲ್ಲ, ಕೂಲಿ ಇಲ್ಲದವರು ಬಸ್ ಹತ್ತಿ ಇಲ್ಲಿಗೆ ಬರುತ್ತಾರೆ. ಜಗಳೂರು ಕಡೆಯಿಂದ, ಹರಪನಹಳ್ಳಿ ಕಡೆಯಿಂದ, ಚಳ್ಳಕೆರೆ ಕಡೆಯಿಂದ ಬಂದವರು ನಮ್ಮ ಓಣಿಯಲ್ಲಿ ಇದ್ದಾರೆ.

ಹಸಿವು ಅಂದರೆ ಹೊಟ್ಟೆ ಖಾಲಿ ಅಂತಲ್ಲ. ರೇಷನ್ ಅಕ್ಕಿ ಇದೆ, ಅನ್ನ ಇದೆ. ಅನ್ನದ ಜೊತೆಗೆ ಏನಿದೆ ಅನ್ನುವುದು ಪ್ರಶ್ನೆ. ಬೆಳಿಗ್ಗೆ ಟೀ-ಬನ್ನು, ಇಲ್ಲವೇ ಟೀಗೆ ಮಂಡಕ್ಕಿ. ಒಂದು ಸೇರು ಮಂಡಕ್ಕಿ ನೋಡೋಕೆ ರಾಶಿ, ತೂಕಕ್ಕೆ ಹಾಕಿದರೆ ಏನೂ ಇಲ್ಲ. ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ, ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಮೂವರಲ್ಲಿ ಇಬ್ಬರಿಗೆ. ನಮ್ಮ ಅಂಗಳದಲ್ಲಿ ಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಾಗ ನರ್ಸಮ್ಮ "ಬಿಳಿಚಿಕೊಂಡಿದೆ" ಅಂತ ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ.

ಏನು ಊಟ ಕೊಡುತ್ತೀರಿ?

ವಾರದಲ್ಲಿ ಮೂರು ದಿನ ರಾಗಿ ಗಂಜಿ, ಹಾಲು-ಬೆಲ್ಲ ಹಾಕಿ. ಎರಡು ದಿನ ಹೆಸರುಬೇಳೆ ಕಿಚಡಿ, ಮೇಲೆ ಒಂದು ಚಮಚ ಎಣ್ಣೆ. ಒಂದು ದಿನ ನವಣೆ ಉಪ್ಪಿಟ್ಟು, ತರಕಾರಿ ಸಣ್ಣಗೆ ಹೆಚ್ಚಿ. ಭಾನುವಾರ ಯಾರ ಮನೆಯಿಂದ ಏನು ಬರುತ್ತದೋ ಅದು. ಶೇಂಗಾ ದಿನಾ ಇರುತ್ತದೆ, ಆದರೆ ಹುರಿದು ಪುಡಿ ಮಾಡಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಉಸಿರಿನ ದಾರಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕಿ ತರುವವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಒಂದು ವರ್ಷದ ಮಗುವಿಗೆ ಗಂಜಿ ಗಟ್ಟಿ ಇರಬೇಕು. ಚಮಚ ಓರೆ ಮಾಡಿದರೆ ಸುರಿಯಬಾರದು, ಜಾರಿ ಬೀಳಬೇಕು. ನಮ್ಮ ಅಜ್ಜಿಯೊಬ್ಬರು ಮೊದಮೊದಲು ನೀರು ನೀರಾಗಿ ಮಾಡುತ್ತಿದ್ದರು, ಎಲ್ಲರಿಗೂ ಸಾಲಲಿ ಅಂತ. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟೇ, ಅದರಲ್ಲಿ ನೀರು ತುಂಬಿಸಿದರೆ ಊಟಕ್ಕೆ ಜಾಗ ಎಲ್ಲಿ ಅಂತ ನರ್ಸಮ್ಮ ಹೇಳಿದ ಮೇಲೆ ಬಿಟ್ಟರು.

ಮೊಟ್ಟೆ ಕೊಡುತ್ತೀರಾ? ನೀವು ಸಸ್ಯಾಹಾರಿಗಳಲ್ಲವಾ?

ಬಂತು ನೋಡಿ. ಇದರ ಬಗ್ಗೆ ನಮ್ಮಲ್ಲೇ ನಾಲ್ಕು ತಿಂಗಳು ಜಗಳ ನಡೆದಿದೆ. ಇಬ್ಬರು ಮಾತು ಬಿಟ್ಟಿದ್ದರು. 2021ರಲ್ಲಿ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡುವ ವಿಚಾರಕ್ಕೆ ರಾಜ್ಯದಲ್ಲೇ ಗಲಾಟೆ ಆಗಿತ್ತಲ್ಲ, ಅದೇ ಗಲಾಟೆ ನಮ್ಮ ಅಡುಗೆ ಮನೆಯಲ್ಲೂ ಆಯಿತು.

ನಾವು ತಿನ್ನುವುದಿಲ್ಲ. ನಮ್ಮ ಒಲೆಯ ಮೇಲೆ ಬೇಯಿಸುವುದೂ ಇಲ್ಲ. ಆದರೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ತಿನ್ನುತ್ತಾರೆ, ಸಿಕ್ಕರೆ. ಅಂಗನವಾಡಿಯಲ್ಲೂ ತಿನ್ನುತ್ತಾರೆ. ಸಿಗುವುದಿಲ್ಲ ಅನ್ನುವುದೇ ತಾಪತ್ರಯ. ಒಂದು ದಿನ ನಮ್ಮಲ್ಲೇ ಎಲ್ಲರಿಗಿಂತ ಹಿರಿಯರಾದ, ಎಪ್ಪತ್ತು ದಾಟಿದ ಅಮ್ಮ ಒಂದು ಮಾತು ಕೇಳಿದರು: "ಮೊಟ್ಟೆ ಬ್ಯಾಡ ಅಂಬೋದು ನನ್ನ ವ್ರತ. ನನ್ನ ವ್ರತಕ್ಕೆ ಆ ಕೂಸು ಯಾಕ ಉಪವಾಸ ಇರಬೇಕು?" ಅಲ್ಲಿಗೆ ಜಗಳ ನಿಂತಿತು. ಪೂರ್ತಿ ನಿಲ್ಲಲಿಲ್ಲ, ಒಬ್ಬರು ಇವತ್ತಿಗೂ ಆ ದಿನ ಬರುವುದಿಲ್ಲ, ಅವರ ಇಷ್ಟ.

ಈಗ ಹೇಗೆ ಅಂದರೆ, ಪಕ್ಕದ ಮನೆಯ ಒಲೆಯಲ್ಲಿ ಮೇಷ್ಟ್ರ ಹೆಂಡತಿ ಬೇಯಿಸುತ್ತಾರೆ, ಅವರ ಪಾತ್ರೆ, ಅವರ ತಟ್ಟೆ, ಜಗಲಿ ಮೇಲೆ ಕೂರಿಸಿ ಕೊಡುತ್ತಾರೆ. ಮಗುವಿನ ಮನೆಯವರು ಬೇಡ ಅಂದಿದ್ದರೆ ಆ ಮಗುವಿಗೆ ಬಾಳೆಹಣ್ಣು ಮತ್ತು ಶೇಂಗಾ ಪುಡಿಯ ಉಂಡೆ. ಯಾರು ಏನು ತಿಂದರು ಅಂತ ಯಾರೂ ಕೂಗಿ ಹೇಳುವುದಿಲ್ಲ. ಮೊಟ್ಟೆ ಬುಧವಾರ ಮತ್ತು ಶನಿವಾರ. ಬುಧವಾರ ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಹಾಲಿನ ಪುಡಿ ಡಬ್ಬ, ಬಾಟಲಿ ತಂದು ಕೊಡಬಹುದಾ?

ಬೇಡ. ಎಳೆ ಕೂಸುಗಳಿಗೆ ಡಬ್ಬ ಹಾಲು, ಬಾಟಲಿ ದಾನ ಮಾಡುವುದನ್ನು 1992ರ ಕಾಯ್ದೆಯೇ ತಡೆಯುತ್ತದೆ, ಅನಾಥಾಲಯಕ್ಕೆ ಮಾತ್ರ ವಿನಾಯಿತಿ. ಕಾಯ್ದೆ ಯಾಕೆ ಬಂತು ಅಂದರೆ, ಡಬ್ಬ ಸಿಕ್ಕ ತಾಯಿ ಎದೆಹಾಲು ಬಿಡಿಸುತ್ತಾಳೆ, ಅಷ್ಟರಲ್ಲಿ ಡಬ್ಬ ಖಾಲಿ, ಎದೆಹಾಲೂ ಬತ್ತಿದೆ. ಆಮೇಲೆ ಪುಡಿಗೆ ನೀರು ಜಾಸ್ತಿ ಬೆರೆಸುತ್ತಾಳೆ. ಆ ನೀರು ಓಣಿಯ ನಲ್ಲಿಯದು. ಒಳ್ಳೆ ಮನಸ್ಸಿಂದ ಕೊಟ್ಟಿದ್ದು ಮಗುವಿಗೆ ಭೇದಿ ತರುತ್ತದೆ. ಕೊಡಲೇಬೇಕು ಅನ್ನಿಸಿದರೆ ಬಾಣಂತಿಗೆ ಊಟ ಕೊಡಿ. ಆರು ತಿಂಗಳ ತನಕ ಕೂಸಿಗೆ ತಾಯಿ ಹಾಲೇ ಸಾಕು, ತಾಯಿಗೆ ಏನು ಸಾಕು ಅಂತ ಯಾರೂ ಕೇಳುವುದಿಲ್ಲ.

ಮಗುವಿಗೆ ಅಪೌಷ್ಟಿಕತೆ ಇದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?

ನಾವು ಡಾಕ್ಟರಲ್ಲ. ನಮ್ಮ ಹತ್ತಿರ ಒಂದು ಪಟ್ಟಿ ಇದೆ, ರಿಬ್ಬನ್ ಥರ, ಮೂರು ಬಣ್ಣದ್ದು. ಮಗುವಿನ ಎಡಗೈ ತೋಳಿನ ನಡುಭಾಗಕ್ಕೆ ಸುತ್ತಬೇಕು, ಹೆಗಲಿಗೂ ಮೊಣಕೈಗೂ ಸರಿಯಾಗಿ ಮಧ್ಯೆ. ಬಿಗಿ ಮಾಡಬಾರದು, ಸಡಿಲವೂ ಇರಬಾರದು. ಆರು ತಿಂಗಳಿಂದ ಐದು ವರ್ಷದ ಮಗುವಿಗೆ 12.5 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಹಸಿರು. 11.5ರಿಂದ 12.5 ಹಳದಿ. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು. ಸ್ಕೇಲ್ ತೆಗೆದು ಹನ್ನೊಂದೂವರೆ ಸೆಂಟಿಮೀಟರ್ ದಾರ ಅಳೆದು ಉಂಗುರ ಮಾಡಿ ನೋಡಿ. ಅಡುಗೆ ಮನೆಯ ಲಟ್ಟಣಿಗೆಗಿಂತ ಅಷ್ಟೇನೂ ದಪ್ಪ ಇರುವುದಿಲ್ಲ.

ಕೆಂಪು ಬಂದರೆ ನಾವು ಗಂಜಿ ಕೊಟ್ಟು ವಾಸಿ ಮಾಡುತ್ತೇವೆ ಅಂತ ಕೂರುವುದಿಲ್ಲ. ಅಂಗನವಾಡಿ ಟೀಚರಿಗೆ, ಆಶಾ ಕಾರ್ಯಕರ್ತೆಗೆ ಅವತ್ತೇ ಹೇಳುತ್ತೇವೆ. ಜಿಲ್ಲಾ ಆಸ್ಪತ್ರೆಯಲ್ಲಿ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರ ಅಂತ ಇದೆ, ಅಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ತಾಯಿ-ಮಗು ಇಬ್ಬರನ್ನೂ ಇಟ್ಟುಕೊಂಡು ನೋಡುತ್ತಾರೆ, ತಾಯಿಗೆ ಕೂಲಿ ನಷ್ಟಕ್ಕೆ ಅಂತ ಸ್ವಲ್ಪ ದುಡ್ಡೂ ಕೊಡುತ್ತಾರೆ. ಆದರೆ ತಾಯಂದಿರು ಒಪ್ಪುವುದಿಲ್ಲ. ಒಬ್ಬಳು ನನ್ನ ಮೇಲೆ ಸಿಟ್ಟಾದಳು: "ಅಕ್ಕಾ, ಹದಿನಾಕು ದಿನ ನಾನಲ್ಲಿ ಕುಂತ್ರೆ ಉಳಿದ ಇಬ್ಬರನ್ನ ನೀವು ಸಾಕ್ತೀರೇನ್ರಿ?" ಕೇಳಿದ್ದು ಸರಿಯೇ. ಸಾಕಿದೆವು. ಅಂದರೆ ಅವಳ ಓರಗಿತ್ತಿ ರಾತ್ರಿ ಮಲಗಿಸಿಕೊಂಡಳು, ನಾವು ಬೆಳಿಗ್ಗೆ, ಸಂಜೆ ಊಟ ನೋಡಿಕೊಂಡೆವು. ಹದಿನಾಲ್ಕನೇ ದಿನ ಮಗು ವಾಪಸ್ ಬಂದಾಗ ಅಳುತ್ತಿತ್ತು. ಮೊದಲು ಅಳೋಕೂ ಶಕ್ತಿ ಇರಲಿಲ್ಲ ಅದಕ್ಕೆ. ಅವತ್ತು ಆ ಅಳು ಕೇಳಿ ನಾವೆಲ್ಲ ನಗುತ್ತಿದ್ದೆವು, ತಾಯಿಗೆ ಅರ್ಥವಾಗದೆ ನಮ್ಮನ್ನೇ ನೋಡುತ್ತಿದ್ದಳು.

ಒಂದು ಅನಾಥ ಮಗು ಇದೆ, ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರಾ?

ಇಲ್ಲ, ಇಟ್ಟುಕೊಳ್ಳುವ ಹಾಗಿಲ್ಲ. ರಾತ್ರಿ ಒಂದು ಮಗುವನ್ನೂ ನಾವು ಉಳಿಸಿಕೊಳ್ಳುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಅಂಥ ಮಕ್ಕಳನ್ನು ಇಟ್ಟು ಸಾಕುವ ಜಾಗಕ್ಕೆ ನೋಂದಣಿ ಬೇಕು, ಇಲ್ಲದಿದ್ದರೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಇಲ್ಲವೇ ಎರಡೂ. ಯಾರೂ ಇಲ್ಲದ ಮಗು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇಪ್ಪತ್ನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದೊಯ್ಯಬೇಕು. "ಪಾಪ, ನಮ್ಮ ಪರಿಚಯದವರಿಗೆ ಮಕ್ಕಳಿಲ್ಲ, ಅವರಿಗೆ ಕೊಟ್ಟುಬಿಡೋಣ" ಅಂತ ಒಬ್ಬರು ಬಂದಿದ್ದರು. ಮಗು ಬೆಕ್ಕಿನ ಮರಿಯಲ್ಲ. ದತ್ತು ಬೇಕಾದರೆ ಅದಕ್ಕೆ ಕಾನೂನಿನ ದಾರಿ ಇದೆ.

ದುಡ್ಡು ಎಲ್ಲಿ ಕಳಿಸಬೇಕು? 80ಜಿ ರಸೀದಿ ಕೊಡುತ್ತೀರಾ?

ನಮ್ಮದು ಟ್ರಸ್ಟ್ ಅಲ್ಲ, 80ಜಿ ನೋಂದಣಿ ಇಲ್ಲ, ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದು ಬೇಕು ಅನ್ನುವವರು ನೋಂದಣಿ ಇರುವ ಸಂಸ್ಥೆಗೆ ಕೊಡಿ, ಅದರಲ್ಲಿ ತಪ್ಪೇನಿಲ್ಲ. ಅಲ್ಲೂ ಒಂದು ನೆನಪಿರಲಿ, 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ, ಅಕ್ಕಿ-ಬೇಳೆ ಕೊಟ್ಟಿದ್ದಕ್ಕೂ ಇಲ್ಲ. ಹೊರದೇಶದಲ್ಲಿರುವ ಸ್ನೇಹಿತರು "ಇಲ್ಲಿನವರ ಹತ್ರ ಸಂಗ್ರಹಿಸಿ ಕಳಿಸ್ತೀನಿ" ಅಂತಾರೆ. ವಿದೇಶಿ ದೇಣಿಗೆಗೆ ಬೇರೆಯೇ ಕಾನೂನು ಇದೆ, ನಾವು ತೆಗೆದುಕೊಳ್ಳುವುದಿಲ್ಲ.

ನಮ್ಮ ಕೈಗೆ ದುಡ್ಡು ಕೊಡಬೇಡಿ. ಓಣಿಯ ಮೂಲೆಯ ಕಿರಾಣಿ ಅಂಗಡಿಯಲ್ಲಿ ನಮ್ಮ ಹೆಸರಿನ ಒಂದು ಉದ್ದನೆ ಲೆಕ್ಕದ ಪುಸ್ತಕ ಇದೆ, ಕೆಂಪು ರಟ್ಟಿನದು. ಅಲ್ಲಿ ಹೋಗಿ ಕಟ್ಟಿ, ಸಾಹುಕಾರರು ಬರೆದುಕೊಳ್ಳುತ್ತಾರೆ, ನಾವು ಅಷ್ಟಕ್ಕೆ ಸಾಮಾನು ಎತ್ತುತ್ತೇವೆ. ಯಾರು ಬೇಕಾದರೂ ಪುಸ್ತಕ ತೆರೆದು ನೋಡಬಹುದು. ಮೊನ್ನೆ ಒಬ್ಬರು ನೋಡಿ "ಬೆಲ್ಲ ಜಾಸ್ತಿ ಆಯ್ತಲ್ರೀ" ಅಂದರು. ನಿಜ, ಆಗಿತ್ತು.

ಒಂದು ತಿಂಗಳಿಗೆ ಬೇಕಾದಷ್ಟು ಬಂದ ಮೇಲೆ ಸಾಹುಕಾರರೇ "ಮುಂದಿನ ತಿಂಗಳು ಬರ್ರಿ" ಅಂತ ವಾಪಸ್ ಕಳಿಸುತ್ತಾರೆ. ಇದಕ್ಕೆ ಜನಕ್ಕೆ ಸಿಟ್ಟು. ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತಲ್ವಾ, ಗಂಡ ಮಾರಯ್ಯ ದಿನದ ಅಳತೆಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಅಲ್ಲೇ ಸುರಿದು ಬಾ ಅಂತ ಕಳಿಸಿದವಳು. ಲಕ್ಕಮ್ಮನ ಹೆಸರು ಹೇಳಿ ದಾಸೋಹ ಮಾಡುವವರು ಗೋಡೌನು ತುಂಬಿಸಿ ಇಟ್ಟುಕೊಂಡರೆ ಹೇಗೆ? ತುಂಬಿಸಿಟ್ಟರೆ ಹುಳವೂ ಬೀಳುತ್ತದೆ, ಅದು ಬೇರೆ ಮಾತು.

ನಮ್ಮ ಮಗಳ ಹುಟ್ಟುಹಬ್ಬಕ್ಕೆ ಕೇಕ್ ತಂದು ಮಕ್ಕಳ ಜೊತೆ ಕತ್ತರಿಸಬಹುದಾ?

ಸುಮ್ನೆ ಬನ್ನಿ, ಕೇಕ್ ಬೇಡ. ಮಕ್ಕಳು ಕೇಕ್ ನೋಡುತ್ತಾ ಅರ್ಧ ಗಂಟೆ ಕೂರಬೇಕು, ಚಪ್ಪಾಳೆ ತಟ್ಟಬೇಕು, ಫೋಟೋಗೆ ನಗಬೇಕು. ಎರಡು ವರ್ಷದ ಮಗುವಿಗೆ ಅದು ಕೂಲಿ ಕೆಲಸ. ಒಬ್ಬರು ಎಲ್ಲರಿಗೂ ಬೆಣ್ಣೆದೋಸೆ ತಂದಿದ್ದರು, ಅದು ಚೆನ್ನಾಗಿತ್ತು, ಯಾಕೆ ಸುಳ್ಳು ಹೇಳಲಿ. ಒಬ್ಬ ಪೋರ ಬೆಣ್ಣೆ ಮಾತ್ರ ನೆಕ್ಕಿ ದೋಸೆಯನ್ನು ಮಡಚಿ ಚಡ್ಡಿ ಜೇಬಿಗೆ ಇಟ್ಟುಕೊಂಡ, ಅಕ್ಕನಿಗೆ ಅಂತೆ.

ಫೋಟೋ ತೆಗೆಯಬಹುದಾ?

ಗಂಜಿ ಪಾತ್ರೆಯದು ತೆಗೆಯಿರಿ. ಮಕ್ಕಳ ಮುಖ ಬೇಡ.

ಹಳೆ ಬಟ್ಟೆ?

ನಿಮ್ಮ ಅಕ್ಕನ ಮಗುವಿಗೆ ಕೊಡುವಂತಿದ್ದರೆ ತನ್ನಿ. ಗುಂಡಿ ಇಲ್ಲದ್ದು, ಜಿಪ್ ಕೆಟ್ಟಿದ್ದು, ದೊಡ್ಡವರ ಸೂಟು ಬೇಡ.

ಯಾವತ್ತಾದರೂ ತಪ್ಪಾಗಿದೆಯಾ?

ಆಗಿದೆ, ಅದೂ ನನ್ನ ಕೈಯಿಂದ. ಒಂದು ಏಪ್ರಿಲ್‌ನಲ್ಲಿ ಹಿಂದಿನ ರಾತ್ರಿಯ ಹಾಲು ಉಳಿದಿತ್ತು. ಕಾಯಿಸಿದಾಗ ಒಡೆಯಲಿಲ್ಲ, ವಾಸನೆಯೂ ಬರಲಿಲ್ಲ, ಹಾಳು ಮಾಡುವುದು ಯಾಕೆ ಅಂತ ಗಂಜಿಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಆರು ಮಕ್ಕಳಿಗೆ ವಾಂತಿ-ಭೇದಿ. ಮನೆ ಮನೆಗೆ ಓಡಿ ಓಆರ್‌ಎಸ್ ಕುಡಿಸಿದೆವು, ಇಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಂಜೆಗೆ ಎಲ್ಲರೂ ಸುಧಾರಿಸಿಕೊಂಡರು. ಒಬ್ಬ ತಂದೆ ಬಂದು ಬೈದ, ಬೈಸಿಕೊಂಡೆ. ಮರುದಿನ ಮಗುವನ್ನು ಕಳಿಸುವುದಿಲ್ಲ ಅಂದುಕೊಂಡಿದ್ದೆ, ಕಳಿಸಿದ. ಕಳಿಸದೆ ಅವನಿಗೆ ಬೇರೆ ದಾರಿ ಇರಲಿಲ್ಲ ಅನ್ನುವುದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಆವತ್ತಿಂದ ಮೂರು ನಿಯಮ. ರಾತ್ರಿಯದು ಏನೂ ಬೆಳಿಗ್ಗೆಗೆ ಇಲ್ಲ. ಮಕ್ಕಳಿಗೆ ಹಾಕುವ ಮುಂಚೆ ಅಡುಗೆ ಮಾಡಿದವರು ಒಂದು ಬಟ್ಟಲು ತಿಂದು ಅರ್ಧ ಗಂಟೆ ಕಾಯಬೇಕು. ಮದುವೆ ಮನೆಯಲ್ಲಿ ಉಳಿದ ಊಟ ಎಷ್ಟೇ ಒಳ್ಳೆಯದಿದ್ದರೂ ತೆಗೆದುಕೊಳ್ಳುವುದಿಲ್ಲ. ಮೂರನೆಯದಕ್ಕೆ ತುಂಬಾ ಜನ ಮುನಿಸಿಕೊಂಡಿದ್ದಾರೆ.

ಸಹಾಯಕ್ಕೆ ಬರುವವರನ್ನು ಹೇಗೆ ನಂಬುತ್ತೀರಿ?

ಸುಲಭವಾಗಿ ನಂಬುವುದಿಲ್ಲ. ಭಕ್ತಿ ಇದ್ದವರೆಲ್ಲ ಒಳ್ಳೆಯವರು ಅನ್ನುವ ಭ್ರಮೆ ನಮಗಿಲ್ಲ. ಮೊದಲ ಎರಡು ತಿಂಗಳು ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು ಮಾತ್ರ. ಯಾರೇ ಆಗಲಿ, ನಾನೂ ಸೇರಿ, ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರುವಂತಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗುವುದು ಇಬ್ಬರು ಹೆಂಗಸರು. ಬೇಜಾರಾದರೆ ಆಗಲಿ.

ಬುಧವಾರದ ವಿಷಯ ಹೇಳುತ್ತೇನೆ ಅಂದಿದ್ದಿರಿ?

ಹೌದು. ಶುರುವಾದ ಮೊದಲ ವರ್ಷ ಒಂದು ವಿಚಿತ್ರ ಗಮನಿಸಿದೆವು. ಬೇರೆ ದಿನ ಮಕ್ಕಳು ಒಂದು ಬಟ್ಟಲು ತಿಂದು ಆಟಕ್ಕೆ ಓಡುತ್ತಿದ್ದವು. ಬುಧವಾರ ಎರಡನೇ ಸಲ, ಮೂರನೇ ಸಲ ಬಟ್ಟಲು ಚಾಚುತ್ತಿದ್ದವು. ಗಂಜಿ ಸಾಲುತ್ತಿರಲಿಲ್ಲ. ನಮಗೆ ಗೊತ್ತೇ ಆಗಲಿಲ್ಲ, ಬುಧವಾರ ಗಂಜಿಗೆ ಏನು ರುಚಿ ಅಂತ. ಆಮೇಲೆ ಒಬ್ಬ ಅಜ್ಜಿ ಹೇಳಿದಳು, ಬುಧವಾರ ಸಂಘದ ಕಂತು. ಈ ಓಣಿಯಲ್ಲಿ ಸುಮಾರು ಮನೆಯವರು ಸಾಲ ತೆಗೆದಿದ್ದಾರೆ, ವಾರದ ಕಂತು. ಬುಧವಾರ ಬೆಳಿಗ್ಗೆ ಕಂತು ವಸೂಲಿಯವನು ಬರುತ್ತಾನೆ. ಮಂಗಳವಾರ ಸಂಜೆಯ ಕೂಲಿ ಪೂರ್ತಿ ಅದಕ್ಕೆ ಎತ್ತಿಟ್ಟರೆ ರಾತ್ರಿ ಒಲೆ ಅಷ್ಟಕ್ಕಷ್ಟೇ. ವಸೂಲಿಯ ಕಿರುಕುಳ ತಡೆಯೋಕೆ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಮನೆ ಮುಂದೆ ಕೂಗಾಡುವುದು ಕಡಿಮೆ ಆಗಿದೆ. ಸಾಲ ಕಡಿಮೆ ಆಗಿಲ್ಲ, ಕಂತು ಕಟ್ಟಲೇಬೇಕು.

ಹಾಗಾಗಿ ಬುಧವಾರ ಮೊಟ್ಟೆ, ಗಂಜಿಯ ಬದಲು ಕಿಚಡಿ, ಪಾತ್ರೆ ದೊಡ್ಡದು. ಆದರೆ ಸಹಾಯಕ್ಕೆ ಜನ ಬರುವುದು ಯಾವಾಗ? ಬಸವ ಜಯಂತಿಗೆ ಬರುತ್ತಾರೆ, ಶಿವರಾತ್ರಿಗೆ ಬರುತ್ತಾರೆ, ಹೊಸ ವರ್ಷಕ್ಕೆ, ದುಗ್ಗಮ್ಮನ ಜಾತ್ರೆಗೆ, ಮಗನ ಹುಟ್ಟುಹಬ್ಬಕ್ಕೆ. ಬಸವ ಜಯಂತಿಯ ದಿನ ನಮ್ಮಲ್ಲಿ ಮಕ್ಕಳಿಗಿಂತ ಬಡಿಸುವವರೇ ಜಾಸ್ತಿ ಇರುತ್ತಾರೆ, ಪಾಯಸ ತಿಂದು ಮಕ್ಕಳಿಗೆ ಹೊಟ್ಟೆನೋವು. ಆಮೇಲೆ ಬರುವ ಬುಧವಾರ ನಾವು ಮೂರೇ ಜನ.

ನಾನೂ ಬರಬೇಕು ಅಂತಿದ್ದೇನೆ, ಯಾವ ದಿನ ಬರಲಿ?

ಬುಧವಾರ. ಆರು ಗಂಟೆಗೆ ಬಂದರೆ ನಲವತ್ತು ಮೊಟ್ಟೆ ಸುಲಿಯುವ ಕೆಲಸ ಇದೆ, ತಣ್ಣೀರಿಗೆ ಹಾಕಿ ಸುಲಿದರೆ ಬೇಗ ಆಗುತ್ತದೆ. ಮೊಟ್ಟೆ ಮುಟ್ಟದವರಿಗೆ ಕಿಚಡಿ ಪಾತ್ರೆ ಉಜ್ಜುವುದಿದೆ, ತಳ ಹಿಡಿದಿರುತ್ತದೆ. ಬರುವಾಗ ಉಗುರು ಕತ್ತರಿಸಿಕೊಂಡು ಬನ್ನಿ.